ಹೊಳೆ ದಾಟಿ ಬಂದವರು, ಅಂಬಲಿ ಕಾಸಿದವರು

ಮೇ ತಿಂಗಳ ಕೊನೆಯ ವಾರ. ಹರಪನಹಳ್ಳಿಯಲ್ಲಿ ಹೊಸಪೇಟೆ ಕಡೆಯ ಪ್ಯಾಸೆಂಜರ್ ಗಾಡಿ ಹತ್ತಿ ಕಿಟಕಿ ಪಕ್ಕ ಕೂತೆ. ಹಿಂದಿನ ದಿನ ಮಳೆ ಬಿದ್ದಿತ್ತು. ಮಸಾರಿ ಹೊಲಗಳು ಕುಂಟೆ ಹೊಡೆಸಿಕೊಂಡು ಮೆಕ್ಕೆಜೋಳದ ಬೀಜಕ್ಕೆ ಕಾದು ಕೂತಿದ್ದವು. ಕೊಟ್ಟೂರಿನಲ್ಲಿ ಗಾಡಿ ನಿಂತಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ವಾಸನೆ ಒಳಗೆ ಬಂತು. ಗುರುಬಸವೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದ ಹೆಂಗಸರ ಗುಂಪೊಂದು ಹತ್ತಿ, ಗುರುತಿಲ್ಲದ ನಮಗೆಲ್ಲ ಕೊಬ್ಬರಿ ಚೂರು, ಉತ್ತತ್ತಿ ಹಂಚಿತು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದೆ. ಅಲ್ಲಿಂದ ಆಟೊ ಹಿಡಿದರೆ ತುಂಗಭದ್ರೆಯ ಹಿನ್ನೀರಿನ ದಂಡೆ. ಅಲ್ಲಿ ನನ್ನ ಸಣ್ಣಜ್ಜಿ ಇದ್ದಾಳೆ. ನನ್ನ ಅವ್ವನ ತಾಯಿಯ ಕೊನೆಯ ತಂಗಿ. 1948ರಲ್ಲಿ ಅವಳಿಗೆ ಹತ್ತು ವರ್ಷ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಈ ದಂಡೆಯನ್ನು ನೋಡಬೇಕು. ನೀರು ಬಿಟ್ಟುಕೊಟ್ಟ ನೆಲ ಮೊದಲು ಎರೆಮಣ್ಣಿನ ಕಪ್ಪು, ಆಮೇಲೆ ಬಿರುಕು, ಆಮೇಲೆ ಎಳೆ ಹುಲ್ಲಿನ ಹಸಿರು. ಕುರಿ ಮಂದೆಗಳು ಇಳಿದಿರುತ್ತವೆ. ಮೀನುಗಾರರು ಹರಿಗೋಲುಗಳನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿರುತ್ತಾರೆ. ಅಂಕಸಮುದ್ರದ ಪಕ್ಷಿ ಸಂರಕ್ಷಣಾ ಮೀಸಲಿನಿಂದ ಹಾರಿ ಬಂದ ಬಣ್ಣದ ಕೊಕ್ಕರೆಗಳು ಕೆಸರಿನಲ್ಲಿ ಕೊಕ್ಕು ಇಳಿಸಿ ನಿಂತಿರುತ್ತವೆ. ಇನ್ನೂ ಮುಂದೆ ಹೋದರೆ ಕಲ್ಲುಗಳ ಸಾಲು ಕಾಣುತ್ತದೆ. ಅದು ಗೋಡೆಯ ಬುಡ. ಒಂದು ಬಾವಿಯ ಕಟ್ಟೆ. ಹೊಸ್ತಿಲ ಕಲ್ಲೊಂದು, ಮನೆ ಇಲ್ಲದ ಹೊಸ್ತಿಲು.

ಸಣ್ಣಜ್ಜಿ ಕೋಲು ಎತ್ತಿ ತೋರಿಸಿದಳು. "ಅಕಾ, ಅಲ್ಲಿತ್ತು ನಮ್ಮೂರು. ಆ ಕಲ್ಲಿನಿಂದ ಆಚಿಗೆ ಹೊಳಿ. ಹೊಳಿ ದಾಟಿದ್ರ ಮೊಗಲಾಯಿ."

ನಿಜಾಮನ ಸೀಮೆಗೆ ನಮ್ಮ ಕಡೆಯ ಹಿರಿಯರ ಮಾತು ಮೊಗಲಾಯಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದಿನದಿಂದ ಇಲ್ಲಿ ಹೊಳೆಯೇ ಗಡಿ. ಈ ದಂಡೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದವು. ಆ ದಂಡೆಯ ಕೊಪ್ಪಳ ನಿಜಾಮನ ಹೈದರಾಬಾದಿಗೆ. ಮಾತು ಒಂದೇ, ಹುಲಿಗೆಮ್ಮ ಒಬ್ಬಳೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಆದರೆ 1947ರ ಆಗಸ್ಟ್ 15ರಂದು ಈ ದಂಡೆಯಲ್ಲಿ ಬಾವುಟ ಏರಿತು, ಆ ದಂಡೆಯಲ್ಲಿ ಏರಿಸಿದವರು ಜೈಲು ಕಂಡರು. ಆ ದಂಡೆಗೆ ಅದೇ ಬಾವುಟ ಬರಲು ಹದಿಮೂರು ತಿಂಗಳು ಹಿಡಿಯಿತು. ಆ ಹದಿಮೂರು ತಿಂಗಳ ಒಂದು ಮುಖವನ್ನು ಎಲ್ಲರೂ ಬಲ್ಲರು: ಕಾಸಿಂ ರಜ್ವಿ, ಅವನ ರಜಾಕಾರ ಪಡೆ, ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಹೋರಾಟ, ಬೀದರ್ ಕಡೆಯ ಗೋರ್ಟಾ ಹತ್ಯಾಕಾಂಡ, ಕೊನೆಗೆ ಪೊಲೀಸ್ ಕಾರ್ಯಾಚರಣೆ. ಅದರ ಇನ್ನೊಂದು ಮುಖಕ್ಕಾಗಿ ನಾನು ಸಣ್ಣಜ್ಜಿಯ ಹತ್ತಿರ ಹೋಗಿದ್ದೆ. ರಜಾಕಾರರಿಗೆ ಹೆದರಿ ಹೊಳೆ ದಾಟಿ ಓಡಿ ಬಂದವರಿಗೆ ಅನ್ನ ನೀರು ಕೊಟ್ಟವರು ಯಾರು? ಅವರು ಏನು ಕಂಡರು?

"ರಾತ್ರಿ ನಾಯಿ ಬೊಗಳಿದ್ರ ಅವ್ವ ಎದ್ದು ಒಲಿ ಹಚ್ಚತಿದ್ಲು" ಎಂದು ಶುರು ಮಾಡಿದಳು. "ಯಾರು ಬಂದ್ರು ಅಂತ ನೋಡಾಕ ಅಪ್ಪ ಹೋಗತಿದ್ದ. ಯಾರಾರ ಆಗಲಿ, ಮದ್ಲು ನೀರು ಕಾಯಲಿ ಅಂತಿದ್ಲು ಅವ್ವ."

ಬೇಸಿಗೆಯಾದ್ದರಿಂದ ಹೊಳೆ ಬತ್ತಿ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಜನ ನಡೆದೇ ದಾಟುತ್ತಿದ್ದರು. ಗಂಡಸರು ತಲೆಯ ಮೇಲೆ ಗಂಟು, ಹೆಂಗಸರು ಕಂಕುಳಲ್ಲಿ ಕೂಸು, ಹಿಂದೆ ಒಂದು ಆಕಳು. ಗಂಟಿನಲ್ಲಿ ಕೌದಿ, ಒಂದೆರಡು ಪಾತ್ರೆ, ಕೆಲವರ ಗಂಟಿನಲ್ಲಿ ಮನೆದೇವರು. ಊರು ಸುಟ್ಟವರಿದ್ದರು, ಸುಡುತ್ತಾರೆಂಬ ಸುದ್ದಿ ಕೇಳಿಯೇ ಹೊರಟವರಿದ್ದರು. ಬಂದವರು ಮೊದಲು ಮಾತಾಡುತ್ತಿರಲಿಲ್ಲವಂತೆ. ಒದ್ದೆ ಸೀರೆಯ ಸೆರಗು ಹಿಂಡಿಕೊಂಡು, ಗುಡಿ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದರು. ಜೋಳದ ಅಂಬಲಿಗೆ ಉಪ್ಪು, ಮಜ್ಜಿಗೆ ಹಾಕಿ ಪರಟೆಯಲ್ಲಿ ಕೊಟ್ಟರೆ ಎರಡು ಕೈಯಲ್ಲೂ ಹಿಡಿದುಕೊಳ್ಳುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ಬುಡ್ಡಿ ದೀಪ ಹಿಡಿಯುವ ಕೆಲಸ. ಬೆಳಕು ಮುಖದ ಮೇಲೆ ಬೀಳಬಾರದು, ನೆಲದ ಮೇಲೆ ಬೀಳಬೇಕು ಅಂತ ಅವ್ವ ಹೇಳಿಕೊಟ್ಟಿದ್ದಳಂತೆ. ಅಳುವವರ ಮುಖಕ್ಕೆ ದೀಪ ಹಿಡಿಯಬಾರದು.

ನಾನು ಅಲ್ಲಿ ಬರೆಯುವುದನ್ನು ನಿಲ್ಲಿಸಿದೆ. ಸಂತ್ರಸ್ತರ ಜತೆ ಹೇಗೆ ನಡೆದುಕೊಳ್ಳಬೇಕೆಂದು ಇವತ್ತು ನೆರವಿನ ಸಂಸ್ಥೆಗಳು ದಿನಗಟ್ಟಲೆ ತರಬೇತಿ ಕೊಡುತ್ತವೆ. ಅಕ್ಷರ ಬಾರದ ಆ ಮುತ್ತಜ್ಜಿಗೆ ಅದು ಗೊತ್ತಿತ್ತು.

ಮೊದಲ ಹದಿನೈದು ದಿನ ಮನೆಮನೆಯ ಜೋಳ ಸಾಕಾಯಿತು. ಆಮೇಲೆ ಸಾಕಾಗಲಿಲ್ಲ. ಯುದ್ಧಕಾಲದಿಂದ ಕಾಳಿನ ಮೇಲೆ ಕಂಟ್ರೋಲು ಕಂಡ ಜನ, ಯಾರ ಮನೆಯಲ್ಲೂ ಹೆಚ್ಚು ಉಳಿದಿರಲಿಲ್ಲ. ಊರಿನ ಜಂಗಮರು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕಂತಿಭಿಕ್ಷೆಗೆ ಹೋಗುವ ಹೊತ್ತಲ್ಲದ ಹೊತ್ತಿನಲ್ಲಿ ಅವರನ್ನು ಕಂಡು ಹೆಂಗಸರು ಕೇಳದೆಯೇ ಮೊರದಲ್ಲಿ ಜೋಳ ತಂದು ಸುರಿದರಂತೆ. ಅದೂ ತೀರಿದ ಮೇಲೆ ಹಗೇವಿನ ಮಾತು ಬಂತು.

ಹಗೇವು ಎಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿ, ಒಳಗೆ ಜೋಳದ ದಂಟು, ಹೊಟ್ಟು ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ ಅದು. ಬರಗಾಲಕ್ಕೆ ಇಟ್ಟ ಕಾಳು, ಸುಮ್ಮನೆ ತೆಗೆಯುವಂತಿಲ್ಲ. ತೆಗೆದ ಕೂಡಲೇ ಇಳಿಯುವಂತೆಯೂ ಇಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ಬಾಯಿ ತೆಗೆದು ದಿನಗಟ್ಟಲೆ ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ಊರಿನ ದೊಡ್ಡ ಹಗೇವಿನ ಬಾಯಿ ತೆಗೆದ ದಿನ ಹೊಳೆಯಾಚೆಯಿಂದ ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರಂತೆ. ಹಗ್ಗಕ್ಕೆ ಕಟ್ಟಿದ ದೀಪ ಇಳಿಯಿತು, ಇಳಿಯಿತು, ಆರಲಿಲ್ಲ. "ಆ ದಿನ ನೋಡಪಾ ಮಂದಿ ಮದ್ಲ ಸರ್ತಿ ಮಾತಾಡಿದ್ರು" ಎಂದಳು ಸಣ್ಣಜ್ಜಿ. "ನಮ್ಮೂರಾಗೂ ಹಿಂಗ ಐತಿ ಹಗೇವು ಅಂತ ಒಬ್ಬಾಕಿ ಅಂದ್ಲು. ಐತಿ ಅಂದಾಕಿ, ಇತ್ತು ಅಂತ ತಿದ್ದಿದ್ಲು."

ಇನ್ನೊಂದು ಸಂಕಟವನ್ನು ನಾನು ಯಾವ ಇತಿಹಾಸದ ಪುಸ್ತಕದಲ್ಲೂ ಓದಿರಲಿಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಆ ಏಳು ರೂಪಾಯಿ ನಮ್ಮ ಆರು ರೂಪಾಯಿಗೆ ಸಮ. ಓಡಿ ಬಂದವರಲ್ಲಿ ಉಳ್ಳವರೂ ಇದ್ದರು. ಸೊಂಟದಲ್ಲಿ ಹಣದ ಚೀಲ ಕಟ್ಟಿಕೊಂಡು ಬಂದಿದ್ದರು. ಈ ದಂಡೆಯಲ್ಲಿ ಆ ದುಡ್ಡಿಗೆ ಉಪ್ಪೂ ಹುಟ್ಟುತ್ತಿರಲಿಲ್ಲ. ಬದಲಿಸಿಕೊಡುತ್ತೇವೆಂದು ಬಂದ ಸಾಹುಕಾರರು ಏಳಕ್ಕೆ ಮೂರು, ಏಳಕ್ಕೆ ಎರಡು ಅನ್ನತೊಡಗಿದರು. ಸಂಕಟದ ಹೊತ್ತಿನಲ್ಲಿ ವ್ಯಾಪಾರ ಹೂಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಇದನ್ನು ಮುಚ್ಚಿಟ್ಟು ನಮ್ಮೂರಿನ ಗುಣ ಹಾಡುವುದು ಸರಿಯಲ್ಲ. ಕೊನೆಗೆ ಕೊಟ್ಟೂರಿನಲ್ಲಿ ಬೀಗರಿದ್ದ ಮನೆಯವರು ಒಂದಿಷ್ಟು ನಾಣ್ಯವನ್ನು ಸರಿಯಾದ ದರಕ್ಕೆ ಬದಲಿಸಿ ತಂದರು. ಆಗ ಹೊಸಪೇಟೆ–ಕೊಟ್ಟೂರು ಸಣ್ಣ ಗೇಜಿನ ಗಾಡಿ ಓಡುತ್ತಿತ್ತು. ನೆಂಟರಿದ್ದವರನ್ನು ಅದೇ ಗಾಡಿ ಹತ್ತಿಸಿ ಕಳಿಸುತ್ತಿದ್ದರಂತೆ, ಬುತ್ತಿ ಕಟ್ಟಿಕೊಟ್ಟು.

ನೆರವಾದವರ ಸಾಲಿನಲ್ಲಿ ಒಬ್ಬ ಸೂಲಗಿತ್ತಿ. ಒಂದೇ ರಾತ್ರಿ ದನದ ಕೊಟ್ಟಿಗೆಯಲ್ಲಿ ಎರಡು ಹೆರಿಗೆ ಮಾಡಿಸಿದಳು. ಒಂದು ಕೂಸು ಅತ್ತಿತು, ಒಂದು ಅಳಲಿಲ್ಲ. ಬೆಳಗಿನ ಜಾವ ಆ ತಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವಳ ಮೊಲೆಯ ಹಾಲನ್ನು ಇನ್ನೊಂದು ಕೂಸಿಗೆ ಕೊಡಿಸಿದಳಂತೆ. ಆ ಕೂಸಿನ ತಾಯಿಗೆ ಹಾಲು ಬಂದಿರಲಿಲ್ಲ. ಅದನ್ನು ಹೇಳುವಾಗ ಸಣ್ಣಜ್ಜಿ ನನ್ನನ್ನು ನೋಡುತ್ತಿರಲಿಲ್ಲ, ಹೊಳೆಯ ಕಡೆ ನೋಡುತ್ತಿದ್ದಳು. ಆ ಸೂಲಗಿತ್ತಿ ಆಮೇಲೆ ಒಂದು ವರ್ಷ ಯಾರ ಹೆರಿಗೆಗೂ ಹೋಗಲಿಲ್ಲವಂತೆ. ಕರೆದರೆ, ಕೈ ನಡುಗತಾವು ಅನ್ನುತ್ತಿದ್ದಳಂತೆ.

ಹೋರಾಟಗಾರರೂ ಬರುತ್ತಿದ್ದರು. ಹಡಗಲಿಯ ಎದುರು ದಂಡೆಯ ಮುಂಡರಗಿ ಸೀಮೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗಡಿ ಶಿಬಿರ ಕಟ್ಟಿದ್ದರು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಓದು ಬಿಟ್ಟು ಬಂದ ಹುಡುಗರು, ರಾತ್ರಿ ಗಡಿ ದಾಟಿ ನಿಜಾಮನ ಕಾವಲು ನಾಕಾಗಳ ಮೇಲೆ ಬಿದ್ದು ಬರುವವರು. ಅವರ ಧೈರ್ಯ ದೊಡ್ಡದು, ಅವರ ಹೆಸರುಗಳು ಉಳಿದಿವೆ, ಉಳಿಯಬೇಕಾದ್ದೇ. ಶಿವಮೂರ್ತಿ ಸ್ವಾಮಿಗಳು 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಗೆದ್ದು ಹೋದರು. ಆದರೆ ಆ ಹುಡುಗರು ಉಂಡದ್ದು ಯಾರ ರೊಟ್ಟಿ? ಅವರ ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದ ಕೈ ಯಾವುದು?

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿನೊಳಗೆ ನುಗ್ಗಿತು. 17ಕ್ಕೆ ನಿಜಾಮ ಶರಣಾದ. ಬಂದವರೆಲ್ಲ ಗಂಟು ಕಟ್ಟಿದರು. ಊರು ಅವರನ್ನು ಹರಿಗೋಲು ಹತ್ತಿಸಿ ಕಳಿಸಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳುವವರಿಗೂ ಕೇಳುವವರಿಗೂ ಹಗುರಾಗುತ್ತಿತ್ತು.

"ಆಮ್ಯಾಲೆ ಅವರು ಬಂದ್ರು" ಎಂದಳು ಸಣ್ಣಜ್ಜಿ.

ಈ ಸಲ ಬಂದವರು ಮುಸಲ್ಮಾನರು. ರಜಾಕಾರರಲ್ಲ, ರಜಾಕಾರರ ಹೆಸರಿನ ಸೇಡಿಗೆ ಹೆದರಿದ ಬಡ ಪಿಂಜಾರರು, ನೇಕಾರರು, ಒಬ್ಬ ಮುದುಕ ಮೌಲ್ವಿ. ಹೊಳೆ ಈಗ ಮೊಣಕಾಲಿನದಲ್ಲ, ಎರಡು ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಮಂದಿ ನಿಂತು ಕೈ ಬೀಸುತ್ತಿದ್ದದ್ದು ಈ ದಂಡೆಗೆ ಕಾಣುತ್ತಿತ್ತು, ಕೂಗು ಕೇಳುತ್ತಿರಲಿಲ್ಲ. ಅಂಬಿಗ ಮೊದಲ ದಿನ ಹೋಗಲಿಲ್ಲ. ನೀರಿಗೆ ಹೆದರಿದನೋ, ಊರಿಗೆ ಹೆದರಿದನೋ, ಎರಡಕ್ಕೂ ಹೆದರಿದ್ದನಂತೆ. ಊರಲ್ಲಿ ಮಾತು ಎರಡಾಗಿತ್ತು. ನಮ್ಮವರಿಗೆ ಏನು ಮಾಡಿದರು ಮರೆತಿರೇನು ಅಂತ ಗುಡಿ ಕಟ್ಟೆಯ ಮೇಲೆ ದನಿ ಎದ್ದಿತ್ತು. ಹೇಳಿದವನ ಅಕ್ಕನ ಮನೆ ಆಚೆಗೆ ನಿಜವಾಗಿ ಸುಟ್ಟಿತ್ತು, ಅವನ ಸಿಟ್ಟು ಸುಳ್ಳಲ್ಲ.

ಮೂರನೇ ದಿನ ನೀರು ಒಂದು ಮೊಳ ಇಳಿಯಿತು. ಅಂಬಿಗ ಯಾರನ್ನೂ ಕೇಳದೆ ಹುಟ್ಟು ತೆಗೆದುಕೊಂಡು ಹೋದ. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲು, ಪ್ರವಾಹದಲ್ಲಿ ತಿರುಗುತ್ತಲೇ ಹೋಗುತ್ತದೆ. ಹತ್ತಿದ ಜಾಗದಿಂದ ಎಷ್ಟೋ ಕೆಳಗೆ ದಂಡೆ ಸಿಗುತ್ತದೆ. ಅವನು ಐದು ಸಲ ಹೋಗಿ ಬಂದ. ಪ್ರತಿ ಸಲ ಯಾರನ್ನು ಹತ್ತಿಸಬೇಕು, ಯಾರನ್ನು ಬಿಡಬೇಕು ಎಂದು ಅವನೇ ಆರಿಸಬೇಕಿತ್ತು. ಕೂಸು ಇದ್ದವರು ಮೊದಲು. ಆರನೇ ಸಲ ಹೊರಡುವ ಹೊತ್ತಿಗೆ ಕತ್ತಲಾಗಿತ್ತು, ಹೋಗಲಿಲ್ಲ. ಬೆಳಿಗ್ಗೆ ಆ ದಂಡೆಯಲ್ಲಿ ಯಾರೂ ಇರಲಿಲ್ಲ. ಅವರು ಬೇರೆ ಕಡೆ ಹೋಗಿ ಬದುಕಿಕೊಂಡರೋ ಏನೋ, ಅವನಿಗೆ ಸಾಯುವತನಕ ಗೊತ್ತಾಗಲಿಲ್ಲ. ಮುಂದೆ ಮೊಮ್ಮಕ್ಕಳ ಕಾಲದಲ್ಲೂ ಅವನು ದಂಡೆಗೆ ಬಂದರೆ ಮೊದಲು ಆಚೆ ದಂಡೆಯನ್ನೇ ನೋಡುತ್ತಿದ್ದನಂತೆ.

ಆ ದಿನ ಸಂಜೆ ಮುತ್ತಜ್ಜಿ ಒಲೆ ಹಚ್ಚಿದಳು. ಅದೇ ಗಡಿಗೆ, ಅದೇ ಅಂಬಲಿ. ಕಟ್ಟೆಯ ಮೇಲಿನವರು ಬಾಗಿಲಿಗೆ ಬಂದು ಕೇಳಿದಾಗ ಅವಳು ಅಂದದ್ದು ಇಷ್ಟು: "ಕೂಸಿನ ಬಾಯಾಗ ನೀರಿನ ಪಸೆ ಇಲ್ಲ. ಅದಕ್ಕ ಕುಡಿಸತೀನಿ, ಆಮ್ಯಾಲೆ ನೀವು ಮಾತಾಡ್ರಿ." ಅವರು ಮಾತಾಡಲಿಲ್ಲ. ಹೋದರು. ಅವರಲ್ಲಿ ಅಕ್ಕನ ಮನೆ ಸುಟ್ಟವನು ರಾತ್ರಿ ಒಂದು ಹೊರೆ ಸಜ್ಜೆಯ ದಂಟು ತಂದು ಕೊಟ್ಟಿಗೆಯ ಮುಂದೆ ಚೆಲ್ಲಿದನಂತೆ, ಮಲಗುವವರಿಗೆ ಹಾಸಾಗಲಿ ಎಂದು.

ಇದನ್ನು ಒಬ್ಬ ಮುದುಕಿಯ ನೆನಪು ಎಂದು ಯಾರಾದರೂ ಬದಿಗೆ ಸರಿಸಬಹುದು. ಆದರೆ ಸರ್ಕಾರವೇ ಕಳಿಸಿದ ತಂಡವೊಂದು ಇಂಥದ್ದನ್ನು ಬರೆದಿಟ್ಟಿದೆ. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸದ್ಭಾವನಾ ತಂಡ 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿತು. ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಹಾನಿ ಹೆಚ್ಚು. ಅದೇ ವರದಿ ಇನ್ನೊಂದನ್ನೂ ದಾಖಲಿಸಿತು: ನೆರೆಯ ಮುಸಲ್ಮಾನರನ್ನು ಕಾಯಲು ಹೋಗಿ ಪ್ರಾಣ ಕೊಟ್ಟ ಹಿಂದೂಗಳಿದ್ದರು, ಒಂದೇ ಕಸುಬಿನವರಲ್ಲಿ ಆ ಕರುಳು ಹೆಚ್ಚಾಗಿತ್ತು, ಮಗ್ಗದವರನ್ನು ಮಗ್ಗದವರು ಉಳಿಸಿಕೊಂಡರು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಸತ್ತವರ ಲೆಕ್ಕ ಮುಚ್ಚಿಟ್ಟಾಗ ಉಳಿಸಿದವರ ಲೆಕ್ಕವೂ ಅದರ ಜತೆಗೇ ಮುಚ್ಚಿಹೋಯಿತು. ನನಗೆ ಹೆಚ್ಚು ನೋವು ಕೊಡುವುದು ಅದು.

ಉಳಿಸಿದವರ ಲೆಕ್ಕ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇರೆ ಕಡೆ ಇದೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊದಲ್ಲಿ ದೊಡ್ಡ ಯುದ್ಧ ನಡೆಯಿತು. ಗಾಯಾಳುಗಳು ಹತ್ತಿರದ ಕಾಸ್ಟಿಲಿಯೋನೆ ಊರಿನ ಇಗರ್ಜಿಗಳಲ್ಲಿ ತುಂಬಿದರು. ಊರಿನ ಹೆಂಗಸರು ಗೆದ್ದ ಕಡೆ, ಸೋತ ಕಡೆ ನೋಡದೆ ನೀರು ಕೊಟ್ಟರು, ಗಾಯ ಕಟ್ಟಿದರು. ಕಂಡು ಕರಗಿದ ಆನ್ರಿ ಡ್ಯುನಾಂಟ್ ಅವರ ಜತೆ ಕೈಜೋಡಿಸಿದ, ಪುಸ್ತಕ ಬರೆದ. ಅದರಿಂದ ರೆಡ್ ಕ್ರಾಸ್ ಹುಟ್ಟಿತು, 1901ರ ಮೊದಲ ಶಾಂತಿ ನೊಬೆಲ್‌ನಲ್ಲಿ ಅವನಿಗೆ ಪಾಲು ಬಂತು. ಡ್ಯುನಾಂಟ್ ಮಾಡಿದ್ದು ಒಂದು ಮಹತ್ವದ ಕೆಲಸ: ಆ ಹೆಂಗಸರು ಮಾಡಿದ್ದನ್ನು ಬರೆದಿಟ್ಟ. ನಮ್ಮ ಹೊಳೆದಂಡೆಯಲ್ಲಿ ಒಲೆ ಹಚ್ಚಿದವರಿದ್ದರು, ಬರೆದಿಡುವವರು ಇರಲಿಲ್ಲ.

ಇವತ್ತಿಗೂ ನೆರವಿನ ಭಾರ ಹೊರುವವರು ಆಯಾ ಊರಿನವರೇ. 2024ರಲ್ಲಿ ಜಗತ್ತಿನಲ್ಲಿ 383 ಮಂದಿ ನೆರವು ಕಾರ್ಯಕರ್ತರು ಕೊಲೆಯಾದರೆಂದು ವಿಶ್ವಸಂಸ್ಥೆ ಹೇಳಿತು. ಗಾಜಾದಲ್ಲಿ, ಸುಡಾನ್‌ನಲ್ಲಿ ಸತ್ತವರು ಹೆಚ್ಚು. ಅವರಲ್ಲಿ ಬಹುಪಾಲು ಹೊರಗಿನಿಂದ ಹೋದವರಲ್ಲ, ತಮ್ಮದೇ ಓಣಿಯ ಜನರಿಗೆ ಹಿಟ್ಟು, ಔಷಧ ಮುಟ್ಟಿಸುತ್ತಿದ್ದವರು. ಆ ಸುದ್ದಿ ಓದಿದಾಗ ನನಗೆ ಹರಿಗೋಲಿನ ಅಂಬಿಗ ಕಣ್ಣ ಮುಂದೆ ಬಂದ.

ಗಡಿ ಶಿಬಿರಗಳಲ್ಲಿದ್ದ ಹೋರಾಟಗಾರರಿಗೆ ಮುಂದೆ ಸ್ವಾತಂತ್ರ್ಯ ಯೋಧರ ಪಿಂಚಣಿ ಬಂತು. ನಮ್ಮ ಮುತ್ತಜ್ಜಿ, ಸೂಲಗಿತ್ತಿ, ಅಂಬಿಗ, ಜಂಗಮ ಯಾವ ಪಟ್ಟಿಯಲ್ಲೂ ಇಲ್ಲ. ಅವರು ಕೇಳಲೂ ಇಲ್ಲ. ಅವರ ದಂಡೆಯೇ ಉಳಿಯಲಿಲ್ಲ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಆ ದಂಡೆಯಲ್ಲಿ ಹೈದರಾಬಾದಿನ ಯುವರಾಜ, ಈ ದಂಡೆಯಲ್ಲಿ ಮದ್ರಾಸಿನ ಗವರ್ನರ್ ಅಡಿಗಲ್ಲು ಇಟ್ಟಿದ್ದರು. 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಮುಳುಗಿತು, ನಮ್ಮದು ಯಾವ ಲೆಕ್ಕ. ಆಶ್ರಯ ಕೊಟ್ಟವರೇ ಐದು ವರ್ಷದಲ್ಲಿ ಗಂಟು ಕಟ್ಟಿಕೊಂಡು ಹೊರಟರು. ಹಗೇವಿನೊಳಗೆ ಈಗ ಮೀನು ಓಡಾಡುತ್ತವೆ.

ಬಿಸಿಲು ಇಳಿದಿತ್ತು. ಕುರಿಗಳು ಹಿಂದಿರುಗುತ್ತಿದ್ದವು. ಸಣ್ಣಜ್ಜಿಯನ್ನು ಕೈ ಹಿಡಿದು ಹೊಸ್ತಿಲ ಕಲ್ಲಿನವರೆಗೆ ಕರೆದುಕೊಂಡು ಹೋದೆ. ಅವಳು ಅದರ ಮೇಲೆ ಕಾಲಿಡಲಿಲ್ಲ, ಬಗ್ಗಿ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಒಬ್ಬೊಬ್ಬರ ಹೆಸರೇ ಹೇಳತೊಡಗಿದಳು: ಅಂಬಿಗನದು, ಸೂಲಗಿತ್ತಿಯದು, ಜಂಗಮರದು, ದಂಟಿನ ಹೊರೆ ತಂದವನದು. ಹನ್ನೊಂದು ಹೆಸರು ನನ್ನ ನೋಟುಬುಕ್ಕಿನಲ್ಲಿವೆ. ಅವರ ಮೊಮ್ಮಕ್ಕಳನ್ನು ಹುಡುಕಿ, ಕೇಳಿ, ಅವರು ಒಪ್ಪಿದ ಮೇಲೆ ಅಚ್ಚಿಗೆ ಕೊಡುತ್ತೇನೆ.

ಸಣ್ಣಜ್ಜಿಗೆ ಈಗ 87. ಹಡಗಲಿಯಿಂದ ಸಿರುಗುಪ್ಪದವರೆಗೆ, ಎರಡೂ ದಂಡೆಗಳಲ್ಲಿ, ಆ ರಾತ್ರಿಗಳನ್ನು ಕಂಡವರು ಇನ್ನು ಕೆಲವರು ಮಾತ್ರ ಉಳಿದಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಯಾರು ಹೊಡೆದರು ಎಂದು ಕೇಳುವ ಮುಂಚೆ, ಯಾರು ಒಲೆ ಹಚ್ಚಿದರು ಎಂದು ಕೇಳಿ, ಹೆಸರು ಬರೆದಿಡಿ.